ಊರ ದೋಣಿ

ನಮ್ಮ ಕುಕ್ಕುಂದೂರು ಕಡಲತೀರದ ಊರಲ್ಲ. ಕಾರ್ಕಳದ ಮಗ್ಗುಲಲ್ಲಿ, ಪಡುಗಡಲಿನಿಂದ ಸುಮಾರು 25–30 ಕಿಲೋಮೀಟರು ಒಳಗೆ, ಕರಿಬಂಡೆಗಳ ನಡುವೆ ಗದ್ದೆ ತೋಟಗಳನ್ನು ಮಾಡಿಕೊಂಡು ನಾವು ಬಾಳುತ್ತಿರುವೆವು. ಇಲ್ಲಿಯ ಜನರಿಗೆ ಕಲ್ಲಿನ ಪರಿಚಯವುಂಟು. 1432ರಲ್ಲಿ ನಿಂತ ಗೊಮ್ಮಟನ ನೆರಳಿನಲ್ಲಿ ಬೆಳೆದವರಿಗೆ ಅದೇನೂ ಆಶ್ಚರ್ಯವಲ್ಲ. ನೀರಿನ ಪರಿಚಯವಾದರೆ ಕೆರೆ, ಬಾವಿ, ತೋಡುಗಳಿಗೇ ಮುಗಿಯಿತು. ಇಂತಿರಲು ದೋಣಿಯ ವಿಷಯವನ್ನೆತ್ತಿ ನಾವು ಬರೆಯಹೊರಟರೆ, “ಇವರಿಗೇತಕ್ಕೆ ಈ ಉಸಾಬರಿ?” ಎಂದು ವಾಚಕರು ಕೇಳುವುದು ನ್ಯಾಯವೇ ಸರಿ. ಕಳೆದ ವರ್ಷದ ಮಕರ ಸಂಕ್ರಾಂತಿಯವರೆಗೆ ನಾವೂ ಹಾಗೆಯೇ ಕೇಳುತ್ತಿದ್ದೆವು.

ಆ ಸಂಕ್ರಾಂತಿಯ ಮರುವಾರ ಉಡುಪಿಯಲ್ಲಿ ಓದುತ್ತಿರುವ ನಮ್ಮ ಹುಡುಗನು ಮನೆಗೆ ಬಂದಿದ್ದನು. ರಾತ್ರಿ ಊಟಕ್ಕೆ ಕುಳಿತಾಗ ಅವನು ಅನ್ನ ಕಲಸಿಕೊಳ್ಳಲು ಬೆರಳ ತುದಿಗಳನ್ನು ಮಾತ್ರ ಉಪಯೋಗಿಸುತ್ತಿದ್ದುದನ್ನು ನಮ್ಮ ತಾಯಿಯವರು ಕಂಡರು. ಎಂಬತ್ತು ದಾಟಿದ ಅವರಿಗೆ ಕಿವಿ ಮಂದವಾಗಿರುವುದಾದರೂ ಕಣ್ಣು ಚುರುಕಾಗಿಯೇ ಇರುವುದು.

“ಮಗಾ, ಕೈ ತೋರಿಸು.”

ಅಂಗೈಯಲ್ಲಿ ಸಾಲಾಗಿ ನೀರುಗುಳ್ಳೆಗಳು ಎದ್ದಿದ್ದುವು. ಎರಡು ಒಡೆದು ಚರ್ಮ ಸುಲಿದಿತ್ತು. ಕ್ರಿಕೆಟ್ ಆಡಿದೆನೆಂದು ಹುಡುಗನು ಹೇಳಿದನು.

“ಎರಡೂ ಕೈಗೆ ಒಂದೇ ಸಮನಾಗಿ ಏಳುವ ಆಟ ಅದು ಯಾವುದು?” ಎಂದು ತಾಯಿಯವರು ಕೇಳಿದರು.

ಹುಡುಗನು ಸುಳ್ಳಿನಲ್ಲಿ ನುರಿತವನಲ್ಲ. ಕಾಪುವಿನ ಕಡಲತೀರದಲ್ಲಿ ಸಹಪಾಠಿಯೊಬ್ಬನ ಮನೆಯುಂಟೆಂದೂ, ಆ ಊರಿನವರು ಕೈರಂಪಣಿಯ ಮರದ ದೋಣಿಯೊಂದನ್ನು ಕೂಡುಪಾಲಿನಲ್ಲಿ ಇಟ್ಟುಕೊಂಡಿರುವರೆಂದೂ, ತಾನು ಎರಡು ತಿಂಗಳಿಂದ ಆದಿತ್ಯವಾರ ಆದಿತ್ಯವಾರ ಅಲ್ಲಿಗೆ ಹೋಗಿ ಹುಟ್ಟು ಹಾಕಲು ಕಲಿಯುತ್ತಿರುವೆನೆಂದೂ ಒಪ್ಪಿಕೊಂಡನು. ತಾಯಿಯವರು ಮರುಮಾತಾಡಲಿಲ್ಲ. ಎಲೆಯ ಮುಂದಿನಿಂದ ಎದ್ದು ಕೈತೊಳೆದು, ದೇವರ ಕೋಣೆಯಲ್ಲಿ ದೀಪ ಆರುವವರೆಗೂ ಕುಳಿತಿದ್ದರು.

ನಮ್ಮ ಮನೆಯ ಕಟ್ಟು ಏನೆಂಬುದನ್ನು ಇಲ್ಲಿ ಹೇಳಬೇಕು. 1961ನೆಯ ಇಸವಿಯ ಆಟಿ ತಿಂಗಳಲ್ಲಿ ನಮ್ಮ ದೊಡ್ಡಪ್ಪನವರು ಸ್ವರ್ಣಾ ನದಿಯ ಒಂದು ಕಡವಿನಲ್ಲಿ ತೀರಿಹೋದರು. ಈಗ ಎಣ್ಣೆಹೊಳೆಯಲ್ಲಿ ಸೇತುವೆಯ ಮೇಲೆ ಬಸ್ಸಿನಲ್ಲಿ ಕುಳಿತು ದಾಟುವವರಿಗೆ ಕೆಳಗೆ ಹೊಳೆಯಿರುವುದೂ ತಿಳಿಯದು. ಸೇತುವೆಗಳಿಲ್ಲದ ಕಾಲದಲ್ಲಿ ಮಳೆಗಾಲದ ನಾಲ್ಕು ತಿಂಗಳು ಆಚೆಯ ದಡ ಬೇರೊಂದು ಸೀಮೆಯೇ ಆಗಿತ್ತು. ಸಂಬಂಧಿಕರ ಮನೆಯ ಸೂತಕಕ್ಕೆಂದು ಹೋಗಿದ್ದ ದೊಡ್ಡಪ್ಪನವರು ಹಿಂದಿರುಗುವಾಗ ನಡುಹೊಳೆಯಲ್ಲಿ ದೋಣಿಯ ತಳ ಬಿಟ್ಟಿತು. ಒಂಬತ್ತು ಜನರಲ್ಲಿ ಏಳು ಜನ ದಡ ಸೇರಿದರು. ಸೇರದವರಲ್ಲಿ ಒಬ್ಬರು ದೊಡ್ಡಪ್ಪನವರು, ಇನ್ನೊಬ್ಬನು ಅಂಬಿಗನ ಹದಿನಾಲ್ಕು ವರ್ಷದ ಮಗ. ಅಂದಿನಿಂದ ಈ ಮನೆಯವರಾರೂ ದೋಣಿಗೆ ಕಾಲಿಡಕೂಡದೆಂದು ಅಜ್ಜನವರು ಕಟ್ಟು ಮಾಡಿದರು. ನಾವು ಹುಟ್ಟಿದುದು ಆ ಮೇಲೆ. ಕಟ್ಟಿನೊಳಗೇ ಬೆಳೆದ ನಮಗೆ ಅದು ಅತಿಯೆಂದು ಎಂದೂ ತೋರಿರಲಿಲ್ಲ.

ಒಂದು ಸಲ ಮಾತ್ರ ತೋರಿತ್ತು. ಅಜೆಕಾರು, ಮುನಿಯಾಲು ದಾಟಿ ವರಂಗಕ್ಕೆ ಹೋದ ವಾಚಕರು ಅಲ್ಲಿಯ ಕೆರೆಬಸದಿಯನ್ನು ಬಲ್ಲರು. ಕೆರೆಯ ನಡುವೆ, ನಾಲ್ಕು ಮುಖದ ಚಿಕ್ಕ ಬಸದಿ. ಅದಕ್ಕೆ ದಾರಿ ನೀರೊಂದೇ, ವಾಹನ ಪುಟ್ಟದೊಂದು ದೋಣಿಯೊಂದೇ. ನಮ್ಮ ಮದುವೆಯಾದ ಹೊಸತರಲ್ಲಿ ನೆರೆಯ ಜೈನ ಮಿತ್ರರೊಡನೆ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದೆವು. ಮಿತ್ರರು ದೋಣಿ ಹತ್ತಿದರು. ನಾವು ದಡದಲ್ಲಿ ನಿಂತೆವು. ತಾವರೆಯೆಲೆಗಳ ನಡುವೆ ಆ ದೋಣಿ ಸದ್ದಿಲ್ಲದೆ ಸರಿದು ಹೋಗುವುದನ್ನು ನೋಡುತ್ತ ನಮ್ಮ ಮನೆಯವರು, “ಸೊಂಟದ ಮಟ್ಟದ ನೀರಿರಬಹುದಷ್ಟೆ” ಎಂದು ಮೆಲ್ಲನೆ ಹೇಳಿದರು. ತಾಯಿಯವರು ದಡದಿಂದಲೇ ಕೈಮುಗಿದು, ಅಂಬಿಗನು ಹಿಂದಿರುಗಿ ಬಂದಾಗ ಅವನಿಗೆ ಕಾಣಿಸದಂತೆ ಮುಖವನ್ನು ಅತ್ತ ತಿರುಗಿಸಿಕೊಂಡರು. ಅದೇಕೆಂದು ಆಗ ನಮಗೆ ಅರ್ಥವಾಗಲಿಲ್ಲ.

ಅದಿರಲಿ. ಹುಡುಗನ ಹುಚ್ಚನ್ನು ಮೊಳಕೆಯಲ್ಲಿಯೇ ಚಿವುಟಬೇಕೆಂದು ನಿಶ್ಚಯಿಸಿ, ಮುಂದಿನ ಆದಿತ್ಯವಾರ ಬೆಳಕು ಹರಿಯುವ ಮೊದಲೇ ನಾವು ಬೆಳ್ಮಣ್ಣು, ಶಿರ್ವ ಮಾರ್ಗವಾಗಿ ಕಾಪುವಿಗೆ ಹೊರಟೆವು. ಆ ದೋಣಿಯ ಹಿರಿಯರು ಯಾರೋ ಅವರನ್ನು ಕಂಡು, “ನಮ್ಮ ಹುಡುಗನನ್ನು ಇನ್ನು ಮೇಲೆ ಸೇರಿಸಬೇಡಿ” ಎಂದು ಹೇಳಿ ಬರುವುದು ನಮ್ಮ ಸಂಕಲ್ಪವಾಗಿತ್ತು.

ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ಬಿಟ್ಟು ಮರಳಿನಲ್ಲಿ ಸ್ವಲ್ಪ ದೂರ ನಡೆದಾಗ, ತೆಂಗಿನ ಮರಗಳ ಕೆಳಗೆ ಸೋಗೆಯ ಚಪ್ಪರದಲ್ಲಿ ದೋಣಿ ಕಾಣಿಸಿತು. ಕರ್ರಗೆ, ಉದ್ದಕ್ಕೆ, ಮಗುಚಿದ ಎಮ್ಮೆಯ ಬೆನ್ನಿನಂತೆ. ಗೇರುಬೀಜದ ಸಿಪ್ಪೆಯ ಎಣ್ಣೆಯ ಘಾಟು ಹತ್ತು ಮಾರು ದೂರಕ್ಕೆ ಬರುತ್ತಿತ್ತು. ಬಳಿಯಲ್ಲಿ ತಂಡೇಲರು ಹಳೆಯ ಹುರಿಯನ್ನು ಬಿಚ್ಚುತ್ತ ಕುಳಿತಿದ್ದರು. ಎಪ್ಪತ್ತೈದರ ವಯಸ್ಸು, ಹೆಗಲಿನ ಮೂಳೆಗಳು ಮಾತ್ರ ಇಪ್ಪತ್ತೈದರವು. ನಮ್ಮ ಪರಿಚಯವನ್ನು ಹೇಳಿಕೊಂಡ ಕೂಡಲೇ, “ಓಹೋ, ಹೆಬ್ಬಲಸಿನ ಮನೆಯವರು! ಕೂತುಕೊಳ್ಳಿ, ಕೂತುಕೊಳ್ಳಿ” ಎಂದರು. ನಮ್ಮ ತೋಟದ ಅಂಚಿನಲ್ಲಿರುವ ಹೆಬ್ಬಲಸಿನ ಮರದ ಸುದ್ದಿ ನಮಗಿಂತ ಮೊದಲೇ ಕಾಪುವಿಗೆ ಬಂದು ಮುಟ್ಟಿತ್ತು! ಹುಡುಗನ ಮೇಲೆ ನಮಗೆ ಬಂದ ಸಿಟ್ಟನ್ನು ವಾಚಕರು ಊಹಿಸಿಕೊಳ್ಳಬೇಕು.

ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದ ಮಾತನ್ನು ನಾವು ಹೇಳುವ ಮೊದಲು ಎಳನೀರು ಬಂತು. ಎಳನೀರು ಕುಡಿದ ಮೇಲೆ ಕಟುವಾಗಿ ಮಾತನಾಡುವುದು ಕಷ್ಟ. ಹಾಗೆ ತಂಡೇಲರ ಮಾತಿಗೆ ಎಡೆಯಾಯಿತು.

ಅವರು ಹೇಳಿದುದು ರಂಪಣಿಯ ಕಥೆ. ನಮ್ಮ ಜಿಲ್ಲೆಯ ಒಳನಾಡಿನ ಜನರು ರಂಪಣಿಯೆಂಬ ಹೆಸರನ್ನು ಕೇಳಿರುವರೇ ಹೊರತು, ಅದು ಎಂತಹ ಏರ್ಪಾಡೆಂಬುದನ್ನು ಅರಿತವರು ಕಡಮೆ. ಅದು ದಡದಿಂದ ಎಳೆಯುವ ಮಹಾಬಲೆ. ಒಬ್ಬನು ಕೊಳ್ಳಲಾರದಷ್ಟು, ಒಂದು ಮನೆಯವರು ಎಳೆಯಲಾರದಷ್ಟು ದೊಡ್ಡದು. ಆದ್ದರಿಂದ ಪಾಲುದಾರರು ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಹೆಣೆದ ತುಂಡುಗಳನ್ನು ತರುವರು. ಅವನ್ನು ಒಂದಕ್ಕೊಂದು ಹೊಲಿದಾಗ ಬಲೆಯಾಗುವುದು. ಚಪ್ಪಟೆ ತಳದ ದೊಡ್ಡ ದೋಣಿಯಲ್ಲಿ ಅದನ್ನು ಹೇರಿಕೊಂಡು, ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ಹುಟ್ಟು ಹಾಕುತ್ತ ಅರ್ಧಚಂದ್ರಾಕಾರವಾಗಿ ಕಡಲಿನಲ್ಲಿ ಬಲೆ ಬಿಟ್ಟುಕೊಂಡು ಬಂದು, ಇನ್ನೊಂದು ತುದಿಯನ್ನು ದಡಕ್ಕೆ ತಲುಪಿಸುವರು. ಆ ಮೇಲೆ ಎರಡು ಕಡೆಯಿಂದಲೂ ಜನ ಸಾಲುಗಟ್ಟಿ ಎಳೆಯುವುದು. ಬಂಗುಡೆಯ ಹಿಂಡು ದೊಡ್ಡದಾಗಿದ್ದರೆ ಒಂದೇ ದಿನ ಮೇಲೆ ತರದೆ, ಬಲೆಯೊಳಗೆಯೇ ನೀರಿನಲ್ಲಿ ಜೀವದಿಂದ ನಿಲ್ಲಿಸಿ, ದಿನದಿನಕ್ಕೆ ಬೇಕಾದಷ್ಟನ್ನು ತೆಗೆಯುವುದೂ ಉಂಟಾಗಿತ್ತು.

“ಪಾಲು ಹೇಗೆ?” ಎಂದು ಕೇಳಿದೆವು. ಗೃಹಸ್ಥರಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ.

“ಬಲೆಗೆ ಒಂದಿಷ್ಟು, ದೋಣಿಗೆ ಒಂದಿಷ್ಟು, ಮೈಗೆ ಒಂದಿಷ್ಟು” ಎಂದರು ತಂಡೇಲರು. “ದೇವರಿಗೆ ಬೇರೆ ತೆಗೆದಿಡುವುದು. ಗಂಡ ತೀರಿಹೋದವಳ ಬಲೆಯ ತುಂಡು ಸೇರಿದ್ದರೆ ಅವಳ ಪಾಲು ಅವಳ ಮನೆಗೆ ಹೋಗುತ್ತದೆ. ದಾರಿಯಲ್ಲಿ ಹೋಗುವವನು ಬಂದು ಹಗ್ಗಕ್ಕೆ ಕೈಕೊಟ್ಟರೂ ಅವನನ್ನು ಬರಿಗೈಯಲ್ಲಿ ಕಳಿಸುವ ಕ್ರಮವಿಲ್ಲ. ನಮ್ಮ ಅಪ್ಪನಿಗೆ ಹನ್ನೆರಡು ತುಂಡು ಇತ್ತು. ನಾನು ಮಡಿಲಲ್ಲಿದ್ದಾಗಲೇ ನನ್ನ ಹೆಸರಿಗೆ ಒಂದು ತುಂಡು ಮಾಡಿಸಿದ್ದರಂತೆ.”

ಆಗ ಹಾಯಿಯೂ ಇತ್ತು. ನಸುಕಿನಲ್ಲಿ ನೆಲದ ಕಡೆಯಿಂದ ಬೀಸುವ ಗಾಳಿ ಸಣ್ಣ ದೋಣಿಗಳನ್ನು ಹೊರಗೆ ಒಯ್ಯುವುದು, ಮಧ್ಯಾಹ್ನ ಕಡಲಗಾಳಿ ಎದ್ದಾಗ ಅದೇ ಹಾಯಿ ಮನೆಗೆ ತಂದುಬಿಡುವುದು. ಹೋಗಿಬರುವ ಖರ್ಚು ಗಾಳಿಯದು. ದೊಡ್ಡ ಮಂಜಿಗಳು ಇದೇ ತೀರದಿಂದ ಹೆಂಚು ಹೇರಿಕೊಂಡು ಮುಂಬಯಿಯತ್ತ ಹೋಗುತ್ತಿದ್ದುವು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮವು ದೇಶವನ್ನೆಲ್ಲ ಹೊದಿಸಿದುದರಲ್ಲಿ ಹಾಯಿಬಟ್ಟೆಯ ಪಾಲೂ ಉಂಟು. ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿಗೆ ಮಧ್ವಾಚಾರ್ಯರು ಉತ್ತರೀಯವನ್ನು ಬೀಸಿ ದಾರಿ ತೋರಿದರೆಂಬ ಕಥೆಯನ್ನು ಬಾಲ್ಯದಿಂದಲೂ ಕೇಳಿದ್ದ ನಾವು, ಉಡುಪಿಯ ಕೃಷ್ಣನೇ ಗೋಪಿಚಂದನದ ಹೆಂಟೆಯಲ್ಲಿ ಹಡಗಿನ ಸರಕಾಗಿ ಬಂದವನೆಂಬುದನ್ನು ನೆನೆಯದೆ, ದೋಣಿಯೆಂದರೆ ಮೃತ್ಯುವೆಂದೇ ತಿಳಿದುಕೊಂಡಿದ್ದುದು ವಿಚಿತ್ರವೇ.

ಆ ರಂಪಣಿ ಹೋದುದು ಹೇಗೆ? 1970ರ ದಶಕದ ಮಧ್ಯದಲ್ಲಿ ನಮ್ಮ ತೀರಕ್ಕೆ ಪರ್ಸೀನ್ ಬಲೆ ಬಂದಿತು. ಯಂತ್ರದ ದೋಣಿಯು ಕಡಲಿನಲ್ಲಿಯೇ ಹಿಂಡನ್ನು ಸುತ್ತುವರಿದು, ಚೀಲದ ಬಾಯಿ ಬಿಗಿದಂತೆ ತಳವನ್ನು ಬಿಗಿದು ಎತ್ತಿಬಿಡುವುದು. ಮೀನು ದಡದ ಹತ್ತಿರ ಬರುವುದನ್ನು ಕಾಯತಕ್ಕವರಿಗೆ ಕಾಯುವ ಕೆಲಸ ಮಾತ್ರ ಉಳಿಯಿತು. ಕೆಲವೇ ವರ್ಷಗಳಲ್ಲಿ ಊರೂರಿನ ರಂಪಣಿಗಳು ನಿಂತುಹೋದುವು. ಪಾಲುದಾರರಲ್ಲಿ ಅನುಕೂಲವಿದ್ದವರು ತಾವೂ ಯಂತ್ರದ ದೋಣಿಗೆ ಹಣ ಹೂಡಿದರು. ಇಲ್ಲದವರು ಅದರಲ್ಲಿ ಕೂಲಿಗೆ ನಿಂತರು. ಇದರಿಂದ ಹೆಚ್ಚು ಮೀನು ಬಂದುದೂ, ಅನೇಕ ಮನೆಗಳು ಹಂಚು ಕಂಡುದೂ ಸುಳ್ಳಲ್ಲ. ತಂಡೇಲರೇ ಇಪ್ಪತ್ತು ವರ್ಷ ಯಂತ್ರದ ದೋಣಿಯಲ್ಲಿ ದುಡಿದು ಮಕ್ಕಳನ್ನು ಓದಿಸಿದವರು; ಅದನ್ನು ಅವರು ಹಳಿಯಲಿಲ್ಲ. “ಆದರೆ ಅದರಲ್ಲಿ ನನ್ನ ತುಂಡು ಯಾವುದು ಎಂದು ತೋರಿಸುವ ಹಾಗೆ ಇರಲಿಲ್ಲ” ಎಂದಷ್ಟೇ ಹೇಳಿದರು.

ಉಳಿದುದು ಕೈರಂಪಣಿ. ಅದೇ ಕ್ರಮ, ಚಿಕ್ಕ ಗಾತ್ರ. ಈ ದೋಣಿಗೆ ಇಪ್ಪತ್ತೆರಡು ಪಾಲು. ಪಾಲುದಾರರ ಮಕ್ಕಳಲ್ಲಿ ಒಬ್ಬನು ಬ್ಯಾಂಕಿನಲ್ಲಿ, ಒಬ್ಬನು ಮಣಿಪಾಲದ ಆಸ್ಪತ್ರೆಯಲ್ಲಿ, ಇಬ್ಬರು ಕೊಲ್ಲಿಯ ದೇಶಗಳಲ್ಲಿ. ಊರಿನಲ್ಲಿರುವವರು ಆದಿತ್ಯವಾರ ಬಂದು ಕೂಡುವರು. ಮೀನು ಬಂದರೆ ಸಾರಿಗಾಯಿತು, ಬಾರದಿದ್ದರೆ ಮೈಗಾಯಿತು ಎಂಬಂತಹ ಉದ್ಯೋಗವಿದು. ಅದಕ್ಕೆ ಸಂಘವೆನ್ನಬಹುದೇ ಎಂದು ಕೇಳಿದೆವು. ತಂಡೇಲರು ನಕ್ಕರು. ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ವಾರ್ಷಿಕೋತ್ಸವವಿಲ್ಲ. ನಮ್ಮ ಕಡೆಯ ಸಂಘಗಳಲ್ಲಿ ಮೊದಲು ಅಧ್ಯಕ್ಷರು ಹುಟ್ಟಿ, ಆ ಮೇಲೆ ಅವರ ಭಾವಚಿತ್ರ ಹುಟ್ಟಿ, ಉದ್ದೇಶವು ಕಡೆಗೆ ಹುಟ್ಟುವುದನ್ನು ಕಂಡ ನಮಗೆ ಇದು ಹೊಸತಾಗಿ ಕಂಡಿತು.

ಆ ಮೇಲೆ ಅವರು ದೋಣಿಯ ತಳವನ್ನು ತೋರಿಸಿದರು. ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹಲಗೆಗೆ ಹಲಗೆಯನ್ನು ಹೊಲಿದ ದೋಣಿ. ತೆರೆಯ ಏಟಿಗೆ, ಮರಳಿನ ಉಜ್ಜಿಗೆ ಹೊಲಿಗೆಯ ದೋಣಿ ಸ್ವಲ್ಪ ಬಾಗಿಕೊಡುವುದು. ಬಿಗಿದ ಮೊಳೆಯಾದರೆ ಉಪ್ಪುನೀರಿಗೆ ತುಕ್ಕು ಹಿಡಿದು ಮರವನ್ನೂ ತಿನ್ನುವುದು. ಹೊಲಿಗೆ ಸಡಿಲಾದಾಗ ಬಿಚ್ಚಿ ಮತ್ತೆ ಹೊಲಿಯುವುದು. ತಳದ ಮೂರು ಹಲಗೆಗಳು ಉಗುರು ಒತ್ತಿದರೆ ಇಳಿಯುವಷ್ಟು ಕೆಟ್ಟಿದ್ದುವು. ಕಿರಿಯರಲ್ಲಿ ಅರ್ಧ ಮಂದಿ ಈ ದೋಣಿಯನ್ನು ಬಿಟ್ಟು ಫೈಬರಿನದನ್ನು ತರೋಣವೆನ್ನುತ್ತಿರುವರು. ಅದಕ್ಕೆ ಹೊಲಿಗೆಯೂ ಬೇಡ, ಎಣ್ಣೆಯೂ ಬೇಡ. ಅವರ ಮಾತಿನಲ್ಲಿ ತಪ್ಪು ಹುಡುಕಲು ನಮ್ಮಿಂದಾಗಲಿಲ್ಲ. ಒಳ್ಳೆಯ ಹೆಬ್ಬಲಸಿನ ಹಲಗೆ ಸಿಕ್ಕಿದರೆ ಇನ್ನೊಂದು ತಲೆಮಾರು ನಡೆಸಬಹುದೆಂದು ತಂಡೇಲರ ಆಸೆ. ಹೆಬ್ಬಲಸು ಘಟ್ಟದ ಬುಡದ ಮರ, ನೀರಿಗೆ ಅಂಜದು. ಹಿಂದೆ ಎಲ್ಲ ದೋಣಿಗಳೂ ನಮ್ಮ ಕಾರ್ಕಳದ ಕಡೆಯ ಕಾಡಿನಿಂದಲೇ ಕಡಲಿಗೆ ಇಳಿದುವು ಎಂದು ಅವರು ಹೇಳಿದಾಗ, ನಮ್ಮೂರಿಗೂ ದೋಣಿಗೂ ಸಂಬಂಧವಿಲ್ಲವೆಂಬ ನಮ್ಮ ಮಾತು ಬಾಯಲ್ಲಿಯೇ ಉಳಿಯಿತು. “ನಾವು ಬೆಲೆ ಕೊಟ್ಟೇ ತೆಗೆದುಕೊಳ್ಳುತ್ತೇವೆ, ಒಂದೇ ಸಲಕ್ಕೆ ಆಗದು” ಎಂದೂ ಸೇರಿಸಿದರು.

ಹುಡುಗನ ವಿಷಯವನ್ನು ನಾವು ಹೇಳದೆಯೇ ಹಿಂದಿರುಗಿದೆವು.

ದಾರಿಯುದ್ದಕ್ಕೂ ಹುಡುಗನು ಮಾತನಾಡುತ್ತಿದ್ದನು. ಕಾಸರಗೋಡು ಜಿಲ್ಲೆಯ ತೇಜಸ್ವಿನೀ ನದಿಯಲ್ಲಿ ಹಳ್ಳಿಹಳ್ಳಿಯ ಕಲಾ-ಕ್ರೀಡಾ ಸಂಘಗಳು ಸ್ವಂತ ದೋಣಿಗಳನ್ನಿಟ್ಟು ಪಂದ್ಯವಾಡುವುವಂತೆ. ಕೇರಳದ ಆರನ್ಮುಳದಲ್ಲಿ ಪಂಪಾ ನದಿಯ ದಂಡೆಯ ಒಂದೊಂದು ಕರೆಯವರಿಗೂ ಒಂದೊಂದು ಪಳ್ಳಿಯೋಡವಿದ್ದು, ಅದನ್ನು ದೇವರ ಪ್ರತಿಮೆಯಂತೆ ಕಾಣುವರಂತೆ, ಚಪ್ಪಲಿ ಮೆಟ್ಟಿ ಹತ್ತುವಂತಿಲ್ಲವಂತೆ. ಅವೂ ಹೆಬ್ಬಲಸಿನವೇ, ಅಲ್ಲಿ ಅದನ್ನು ಆಂಜಿಲಿ ಎನ್ನುವರು. ಸ್ಕಾಟ್ಲೆಂಡಿನಲ್ಲಿ ಮೀನುಗಾರಿಕೆ ಇಳಿದು ಹಳ್ಳಿಗಳ ಬಂದರು ಬರಿದಾದ ಮೇಲೆ, 2009ರಲ್ಲಿ ಅಲ್ಲಿಯ ಮೀನುಗಾರಿಕಾ ವಸ್ತುಸಂಗ್ರಹಾಲಯದವರು 22 ಅಡಿ ಉದ್ದದ, ನಾಲ್ಕು ಹುಟ್ಟಿನ ದೋಣಿಯ ಮಾದರಿಯೊಂದನ್ನು ಮಾಡಿಸಿದರು. ಊರವರು ಅದರ ತುಂಡುಗಳನ್ನು ತರಿಸಿಕೊಂಡು ಚಳಿಗಾಲದ ರಾತ್ರಿಗಳಲ್ಲಿ ಕೊಟ್ಟಿಗೆಗಳಲ್ಲಿ ಕೂಡಿ ತಾವೇ ಜೋಡಿಸತೊಡಗಿದರು. ಶಾಲೆಯ ಉಪಾಧ್ಯಾಯಿನಿ, ನಿವೃತ್ತ ಗುಮಾಸ್ತ, ಅಜ್ಜಿಯರು, ಎಲ್ಲರೂ ಹುಟ್ಟಿಗೆ ಕುಳಿತರು. 2013ರಲ್ಲಿ ಉಲ್ಲಾಪೂಲ್ ಎಂಬಲ್ಲಿ ಅವರ ಮೊದಲ ಜಾಗತಿಕ ಪಂದ್ಯವೇ ನಡೆಯಿತು. ಇವುಗಳನ್ನೆಲ್ಲ ನಾವು ಆ ಮೇಲೆ ಓದಿಯೂ ನೋಡಿದೆವು, ನಿಜವೇ. ಪಂದ್ಯದ ದೋಣಿಗಿಂತ ಮೀನಿನ ದೋಣಿ ಮೇಲೆಂದು ನಮಗೆ ಈಗಲೂ ತೋರುವುದು. ಗೆಲ್ಲುವುದಕ್ಕಾಗಿ ಹುಟ್ಟು ಹಾಕುವವರು ಗೆದ್ದ ಮೇಲೆ ಮನೆಗೆ ಹೋಗುವರು. ಬಲೆಯಲ್ಲಿ ಪಾಲಿರುವವನು ಪಾಲಾಗುವವರೆಗೂ ನಿಲ್ಲಬೇಕು. ಆದರೆ ಮೀನೂ ಇಲ್ಲದೆ ಪಂದ್ಯವೂ ಇಲ್ಲದೆ ಸೋಗೆಯ ಕೆಳಗೆ ಗೆದ್ದಲು ಹಿಡಿಯುವ ದೋಣಿಗಿಂತ ಎರಡೂ ಮೇಲು.

ಮನೆಯಲ್ಲಿ ಮರದ ಮಾತೆತ್ತಿದಾಗ ಸುಮ್ಮನೆ ಮುಗಿಯಲಿಲ್ಲ. ಅಡಿಗೆಮನೆಯ ಮಾಡು ಮೂರು ಮಳೆಗಾಲದಿಂದ ಸೋರುತ್ತಿತ್ತು. ಮರದ ವ್ಯಾಪಾರಿಯೊಬ್ಬರು ಎರಡು ಸಲ ಬಂದು ಬೆಲೆ ಹೇಳಿ ಹೋಗಿದ್ದರು. ಅದರಲ್ಲಿ ಮಾಡು ಪೂರ್ತಿಯಾಗಿ ಆಗಿ ಇನ್ನೂ ಸ್ವಲ್ಪ ಉಳಿಯುತ್ತಿತ್ತು. ನಮ್ಮ ಮನೆಯವರು, “ಒಲೆಯ ಹತ್ತಿರ ಪಾತ್ರೆ ಇಟ್ಟು ನೀರು ಹಿಡಿಯುವವಳು ನಾನು, ನೀವಲ್ಲ” ಎಂದರು. ಅದಕ್ಕೆ ಉತ್ತರವಿರಲಿಲ್ಲ. ಕಂತಿನಲ್ಲಿ ಕೊಡುವವರಿಗಿಂತ ಕೈಯಲ್ಲಿ ಕೊಡುವವರು ಮೇಲೆಂದು ನಾವೂ ಒಳಗೊಳಗೆ ಒಪ್ಪಿಕೊಂಡೆವು. ತಂಡೇಲರಿಗೆ ಆಗುವುದಿಲ್ಲವೆಂದು ಹೇಳಿ ಕಳುಹಿಸುವುದೆಂದೂ, ಹುಡುಗನು ಇನ್ನು ಹೋಗಕೂಡದೆಂದೂ ತೀರ್ಮಾನವಾಯಿತು.

ಮರುದಿನ ಮಧ್ಯಾಹ್ನ ತಾಯಿಯವರು ನಮ್ಮನ್ನು ಹಿತ್ತಲ ಜಗಲಿಗೆ ಕರೆದರು. ಅಡಕೆ ಸುಲಿಯುತ್ತ ಕುಳಿತಿದ್ದರು. ತಲೆಯೆತ್ತದೆಯೇ ಮಾತಾಡಿದರು.

“ಆ ಅಂಬಿಗ ಆ ವರ್ಷ ಬಂದಿದ್ದ. ಇಲ್ಲಿಯೇ ನಿಂತಿದ್ದ, ಈ ಮೆಟ್ಟಿಲ ಕೆಳಗೆ.”

ಯಾವ ಅಂಬಿಗನೆಂದು ನಾವು ಕೇಳಲಿಲ್ಲ.

“ಕಡವಿನ ದೋಣಿಗೆ ವರ್ಷಕ್ಕೆ ಮನೆಗೊಂದು ಕಳಸೆ ಭತ್ತ ಅಂತ ಕ್ರಮ. ಹೋದರೂ ಕೊಡಬೇಕು, ಹೋಗದಿದ್ದರೂ ಕೊಡಬೇಕು. ಆ ವರ್ಷ ನಿನ್ನ ಅಜ್ಜ ಕೊಡಬೇಡ ಅಂದರು. ಒಂದು ರಾತ್ರಿ ಹೊಳೆಯಾಚೆಯಿಂದ ಇವರು ಕೂಗಿದಾಗ ಅವನು ದೋಣಿ ತರಲಿಲ್ಲವಂತೆ, ಅದೊಂದು ಸಿಟ್ಟು. ನಮ್ಮ ಮನೆಯವರು ಕೊಡದಿದ್ದುದನ್ನು ನೋಡಿ ಮತ್ತೆ ನಾಲ್ಕೈದು ಮನೆಯವರು ನಿಲ್ಲಿಸಿದರು. ಬೇಸಗೆ ಮುಗಿಯುವಾಗ ಬಂದ. ಮಳೆಗೆ ಮೊದಲು ತಳಕ್ಕೆ ಎರಡು ಹಲಗೆ ಹಾಕಬೇಕು ಅಕ್ಕಾ, ದೊಡ್ಡವರಿಗೆ ಒಂದು ಮಾತು ಹೇಳಿ ಅಂತ ನನ್ನ ಹತ್ತಿರ ಹೇಳಿದ. ನಾನು ಬಂದು ಆರು ತಿಂಗಳಾಗಿತ್ತು. ಮಾವನವರ ಎದುರು ಬಾಯಿ ಬಿಡುವ ಧೈರ್ಯ ನನಗೆಲ್ಲಿತ್ತು? ಒಂದು ಲೋಟ ಮಜ್ಜಿಗೆ ಕೊಟ್ಟೆ. ಕುಡಿದು ಹೋದ.”

ಸುಲಿದ ಅಡಕೆಯನ್ನು ಗೆರಸೆಗೆ ಹಾಕಿದರು.

“ದೋಣಿ ಹತ್ತಬಾರದು ಅಂತ ನಿನ್ನ ಅಜ್ಜ ಕಟ್ಟು ಮಾಡಿದ್ದು ನೀರಿಗೆ ಹೆದರಿಯಲ್ಲ. ಆ ಕಡವಿನತ್ತ ಯಾರೂ ಹೋಗಬಾರದು, ಯಾರೂ ಕೇಳಬಾರದು ಅಂತ. ಅವನ ಮಗನೂ ಹೋದನಲ್ಲ. ನಮ್ಮ ಮನೆಯಿಂದ ಒಬ್ಬರೂ ಅವನ ಮನೆಗೆ ಹೋಗಲಿಲ್ಲ. ಮುಂದಿನ ವರ್ಷ ಅವರು ಊರು ಬಿಟ್ಟರು. ಎಲ್ಲಿಗೆ ಅಂತ ಗೊತ್ತಿಲ್ಲ.”

ಅರವತ್ತು ವರ್ಷಗಳಿಗಿಂತಲೂ ಹೆಚ್ಚು ಕಾಲ ಈ ಮಾತನ್ನು ಅವರು ತಂದೆಯವರಿಗೂ ಹೇಳಿರಲಿಲ್ಲವಂತೆ. ವರಂಗದ ಕೆರೆಯ ದಡದಲ್ಲಿ ಅವರು ಮುಖ ತಿರುಗಿಸಿದುದು ನಮಗೆ ನೆನಪಾಯಿತು. ಕೇಳಿದುದಕ್ಕೆ, “ಅಂಬಿಗನಿಗೆ ಕೊಡಬೇಕಾದದ್ದನ್ನು ಉಳಿಸಿಕೊಂಡವರು ಯಾವ ಮುಖದಿಂದ ಇನ್ನೊಂದು ದೋಣಿ ಹತ್ತುವುದು?” ಎಂದರು.

ಆ ದಿನ ರಾತ್ರಿ ನಾವು ಮನೆಯವರಿಗೆ ಈ ಸಂಗತಿಯನ್ನು ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಮಾಡಿಗೆ ಈ ವರ್ಷ ಒಂದು ಪ್ಲಾಸ್ಟಿಕ್ ಹೊದಿಕೆ ಹಾಕಿದರಾಯಿತು” ಎಂದರು. ನಮ್ಮ ಮನೆಯಲ್ಲಿ ಮರ ಕೊಡುವ ತೀರ್ಮಾನವಾದುದು ಈ ಮಾತಿನಲ್ಲಿ. ಬೆಲೆಯ ವಿಷಯವಾಗಿ ಹೇಳುವುದಾದರೆ, ಧರ್ಮಾರ್ಥವಾಗಿ ಕೊಡುವೆವೆಂದುದಕ್ಕೆ ತಂಡೇಲರು ಒಪ್ಪಲಿಲ್ಲ. ದೋಣಿಗೆ ಧರ್ಮ ಬೇಡ, ಬೇಕಾದರೆ ಪಾಲು ಹಿಡಿಯಿರಿ ಎಂದರು. ಅರ್ಧ ಬೆಲೆಯನ್ನು ಕಂತಿನಲ್ಲಿ ತೆಗೆದುಕೊಂಡು, ಉಳಿದರ್ಧಕ್ಕೆ ಇಪ್ಪತ್ತಮೂರನೆಯ ಪಾಲನ್ನು ನಮ್ಮ ಮನೆಯ ಹೆಸರಿಗೆ ಬರೆದುಕೊಂಡರು. ಬರೆದುದು ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ. ಅದರ ಮೊದಲ ಹಾಳೆಗಳಲ್ಲಿ ಅವರ ತಂದೆಯವರ ಕಾಲದ ರಂಪಣಿಯ ಪಾಲುಗಳಿದ್ದುವು.

ಅರಣ್ಯ ಇಲಾಖೆಯ ಒಪ್ಪಿಗೆಗಾಗಿ ತಿರುಗಾಡಿದುದು, ಮರ ಉರುಳಿದ ದಿನ ತೋಟಕ್ಕೆ ಒಮ್ಮೆಲೇ ಬಿಸಿಲು ಬಂದು ನಾವೆಲ್ಲ ಕಣ್ಣು ಕಿರಿದು ಮಾಡಿ ನಿಂತುದು, ಕೊಯ್ಯುವಲ್ಲಿ ಒಂದು ದಿಮ್ಮಿಯ ನಡುವೆ ಪೊಳ್ಳು ಸಿಕ್ಕಿದುದು, ಇವನ್ನೆಲ್ಲ ವಿಸ್ತರಿಸಿ ಫಲವಿಲ್ಲ. ಬೇಸಗೆಯೆಲ್ಲ ಹಲಗೆ ನೆರಳಿನಲ್ಲಿ ಒಣಗಿತು. ಮಳೆಗಾಲದಲ್ಲಿ ಯಂತ್ರದ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಊರಿನಲ್ಲಿ ಕೈಗಳು ಬಿಡುವಾಗಿರುವುವು. ಆಗ ಹಳೆಯ ಹಲಗೆಗಳನ್ನು ಬಿಚ್ಚಿ ಹೊಸವನ್ನು ಕೂರಿಸಿದರು. ಹೊಲಿಯಲು ಬಲ್ಲವರು ಆ ಊರಿನಲ್ಲಿ ತಂಡೇಲರನ್ನು ಬಿಟ್ಟರೆ ಇನ್ನೊಬ್ಬರು ಮಾತ್ರ. ಕಿರಿಯರಲ್ಲಿ ನಾಲ್ವರು ಕಲಿಯಲು ಕುಳಿತರು. ಅವರಲ್ಲಿ ಇಬ್ಬರು ಫೈಬರಿನ ಪಕ್ಷದವರೇ. ನಮ್ಮ ಹುಡುಗನು ಹುರಿ ಹೊಸೆಯಲು ಕಲಿತನು. ಹೊಲಿಗೆ ಅವನ ಕೈಗೆ ಇನ್ನೂ ಬಂದಿಲ್ಲ.

ಶ್ರಾವಣದ ನೂಲಹುಣ್ಣಿಮೆಯಂದು ಕರಾವಳಿಯ ಮೊಗವೀರರು ಸಮುದ್ರಕ್ಕೆ ಹಾಲೆರೆದು, ತೆಂಗಿನಕಾಯಿಯನ್ನರ್ಪಿಸಿ ಪೂಜಿಸುವರು. ಅದು ಕಳೆದ ವಾರದಲ್ಲಿ ದೋಣಿಯನ್ನು ಇಳಿಸುವುದೆಂದು ತಂಡೇಲರಿಂದ ಕರೆ ಬಂದಿತು. ತಾಯಿಯವರು ತಾವೂ ಬರುವೆನೆಂದರು. ಹೊರಡುವ ಹಿಂದಿನ ದಿನ, ನೆರೆಯ ಮುದುಕರೊಬ್ಬರನ್ನು ಕರೆಸಿ, ಬೈಹುಲ್ಲಿನಲ್ಲಿ ಒಂದು ಮುಡಿ ಅಕ್ಕಿಯನ್ನು ಕಟ್ಟಿಸಿದರು. ಮುಡಿ ಕಟ್ಟಬಲ್ಲವರು ನಮ್ಮ ಸುತ್ತಿನಲ್ಲಿ ಈಗ ಅವರೊಬ್ಬರೇ. ಮುಡಿಯೆಂದರೆ ಮೂರು ಕಳಸೆ. ಕಾರಿನ ಹಿಂಬದಿಯಲ್ಲಿ ಅದನ್ನು ಇಟ್ಟಾಗ, ಒಂದು ಕಳಸೆ ಸಾಲದೇ ಎಂದು ಕೇಳಿದೆವು.

“ಒಂದು ಆಗಿನದು. ಇಷ್ಟು ವರ್ಷ ನಿಂತಿತಲ್ಲ” ಎಂದರು.

ಕಾಪುವಿನಲ್ಲಿ ಕಡಲು ಇನ್ನೂ ಮಣ್ಣು ಬಣ್ಣದ್ದಾಗಿತ್ತು. ಮರಳಿನ ಮೇಲೆ ಉರುಳುಮರಗಳನ್ನಿಟ್ಟು, ತಾಳಕ್ಕೆ ಸರಿಯಾಗಿ ಕೂಗು ಹಾಕುತ್ತ ಇಪ್ಪತ್ತು ಮೂವತ್ತು ಜನ ದೋಣಿಯನ್ನು ನೂಕಿದರು. ಬ್ಯಾಂಕಿನವನೂ ಪ್ಯಾಂಟು ಮಡಚಿಕೊಂಡು ಹೆಗಲು ಕೊಟ್ಟಿದ್ದನು. ನಮಗೂ ಒಂದು ಮಗ್ಗುಲು ಸಿಕ್ಕಿತು. ಐವತ್ತು ದಾಟಿದ ಸೊಂಟಕ್ಕೆ ಅದು ಮೂರು ದಿನ ನೆನಪಿತ್ತು. ದೋಣಿ ನೀರು ಮುಟ್ಟುವ ಮೊದಲು ತಾಯಿಯವರು ಬಳಿಗೆ ಬಂದು, ತಳದ ಹೊಸ ಹಲಗೆಯನ್ನು ಅಂಗೈಯಿಂದ ತಡವಿ, ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸಿ, “ನೀರು ಬರುವುದಿಲ್ಲವಷ್ಟೆ?” ಎಂದು ಕೇಳಿದರು.

“ಮೊದಲ ದಿನ ಸ್ವಲ್ಪ ಬರುತ್ತದೆ ಅಮ್ಮಾ” ಎಂದರು ತಂಡೇಲರು. “ಹಲಗೆ ನೀರು ಕುಡಿದು ಉಬ್ಬಿದ ಮೇಲೆ ನಿಲ್ಲುತ್ತದೆ. ಅಲ್ಲಿಯವರೆಗೆ ತೋಡಿ ಹಾಕುವುದಕ್ಕೆ ಒಬ್ಬ ಇರಬೇಕು.”

ಆ ದಿನ ತೋಡಿ ಹಾಕುವ ಕೆಲಸ ನಮ್ಮ ಹುಡುಗನದಾಯಿತು. ಅವನು ಹಾಳೆಯ ಚಿಳ್ಳಿಯೊಂದನ್ನು ಹಿಡಿದು ದೋಣಿಯ ನಡುವೆ ಬಗ್ಗಿ ಕುಳಿತಿದ್ದನು. ಮೂರನೆಯ ತೆರೆಯನ್ನು ದಾಟುವವರೆಗೆ ಅವನ ಬೆನ್ನು ಕಾಣುತ್ತಿತ್ತು. ತಾಯಿಯವರು ಮುಡಿಯ ಪಕ್ಕದಲ್ಲಿ ಮರಳಿನ ಮೇಲೆ ಕುಳಿತು, ದೋಣಿ ತಿರುಗಿ ಬರುವವರೆಗೆ ಅಲ್ಲಿಯೇ ಇದ್ದರು. ಬಂದ ಮೇಲೆ ಬಲೆಯಲ್ಲಿ ಸಿಕ್ಕಿದ ಬೂತಾಯಿಯನ್ನು ಇಪ್ಪತ್ತಮೂರು ಪಾಲು ಮಾಡಿದರು. ನಮ್ಮ ಮನೆಯ ಪಾಲಿಗೆ ಬಂದುದು ಒಂದು ಸಣ್ಣ ಬುಟ್ಟಿಯಷ್ಟು.